ಬೈಗುಳಕ್ಕೆ ಅರ್ಥ ಹೇಳಿದ್ದು

ಶಿರಹಟ್ಟಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತನಾದವನು ನಾನು. ಶಬ್ದ ಎಲ್ಲಿಂದ ಬಂತು ಎಂದು ಕೆದಕುವುದು ನನ್ನ ಚಟ. ಬ್ರಿಟಿಷರ ಹೊಲಸು ಬೈಗುಳಗಳ ಮೂಲ ಹುಡುಕುವುದರಲ್ಲಂತೂ ಇನ್ನಷ್ಟು ಖುಷಿ. ತರಗತಿಯಲ್ಲಿ ಅವನ್ನು ಹೇಳುವಂತಿರಲಿಲ್ಲವಲ್ಲ! 'ಬಗ್ಗರ್' ಎಂಬುದು ಬಲ್ಗೇರಿಯಾದವರ ಹೆಸರು ಕೆಟ್ಟು ಆದದ್ದು. ಮೊದಲು ಧರ್ಮ ಬಿಟ್ಟವರೆಂಬ ನಿಂದೆ, ಆಮೇಲೆ ಹಾಸಿಗೆಯ ಮಾತು, ಕೊನೆಗೆ ಗೆಳೆಯರ ನಡುವಿನ ಸಲಿಗೆ. 'ಬ್ಲಡಿ'ಯ ಹುಟ್ಟಿನ ಬಗ್ಗೆ ಪಂಡಿತರು ಇನ್ನೂ ಜಗಳಾಡುತ್ತಾರೆ.

ಲಕ್ಷ್ಮೇಶ್ವರದಲ್ಲಿ ನನಗೆ ನಲವತ್ತು ವರ್ಷದ ಗೆಳೆಯನೊಬ್ಬನಿದ್ದಾನೆ, ದರ್ಜಿ. ಅವನ ಉಸ್ತಾದರು ಬೆಳಗಾವಿಯ ದಂಡಿನಲ್ಲಿ ಗೋರಾ ಸಾಹೇಬರ ಬಟ್ಟೆ ಹೊಲಿದವರು. ಪ್ರೀತಿ ಉಕ್ಕಿದಾಗ ಶಿಷ್ಯನನ್ನು 'ಬಾಸ್ಟರ್ಡ್' ಅನ್ನುತ್ತಿದ್ದರಂತೆ. ಅವನು ಅದನ್ನು ನನಗೆ ದಾಟಿಸಿದ. ನಾನು ಮೆಟ್ಟಿಲು ಹತ್ತುವ ಮೊದಲೇ, "ಬಾರಲೇ ಬಾಸ್ಟರ್ಡ್, ಎಲ್ಲಿ ಹಾಳಾಗಿ ಹೋಗಿದ್ದಿ?" ಬೈಗುಳವಿಲ್ಲದ ಗೆಳೆತನವನ್ನು ನಮ್ಮ ಕಡೆ ಯಾರೂ ನಂಬುವುದಿಲ್ಲ. ನಮ್ಮವ್ವನ ಎದುರಿಗೂ ಹಾಗೇ ಕರೆಯುತ್ತಿದ್ದ. ಅವಳು ನಗುತ್ತ ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕುತ್ತಿದ್ದಳು.

ಅವ್ವ ತೀರಿಕೊಂಡ ಮರುವರ್ಷ, ಒಂದು ಮಧ್ಯಾಹ್ನ, ಅಂಗಡಿಯಲ್ಲಿ ಗಿರಾಕಿಗಳಿದ್ದರು. ನನ್ನ ಪಾಂಡಿತ್ಯ ಸುಮ್ಮನಿರಲಿಲ್ಲ. "ಆ ಶಬ್ದ ಎಲ್ಲಿಂದ ಬಂತು ಗೊತ್ತೈತೇನಲೇ?" ಎಂದು ಶುರುಮಾಡಿದೆ. ಹಳೆಯ ಫ್ರೆಂಚಿನಲ್ಲಿ ಹೇರುಗತ್ತೆಯ ಬೆನ್ನಿಗೆ ಹಾಕುವ ತಡಿಗೆ ಸೇರಿದ ಮಾತಂತೆ ಅದು. ಹೇರಿನವರು ದಾರಿಯ ಛತ್ರಗಳಲ್ಲಿ ಆ ತಡಿಯನ್ನೇ ಹಾಸಿಕೊಂಡು ಮಲಗುತ್ತಿದ್ದರು. ಆ ಹಾಸಿಗೆಯಲ್ಲಿ, ಲಗ್ನವಿಲ್ಲದೆ ಹುಟ್ಟಿದ ಕೂಸಿಗೆ ಆ ಹೆಸರು. ಗಿರಾಕಿಗಳು ನಕ್ಕರು. ಅವನ ಕೈಯ ಕತ್ತರಿ ನಿಂತಿತು.

"ಅಂದ್ರ ಅದು ತಾಯಿ ಮ್ಯಾಲ ಬರೋ ಮಾತು?" ಅಂದ. "ನಾ ಬದ್ಮಾಶ್ ಅಂದಂಗ ಅಂತ ತಿಳ್ಕೊಂಡಿದ್ದೆ. ಆಕಿ ಕೈಯಾಗಿನ ರೊಟ್ಟಿ ತಿನಕೋಂತ, ಆಕಿ ಮುಂದನ..."

ಶಬ್ದಗಳು ಸವೆಯುತ್ತವೆ, ಈಗ ಅದರಲ್ಲಿ ವಿಷವಿಲ್ಲ, ಅವ್ವನಿಗೆ ಅರ್ಥವೇ ಗೊತ್ತಿರಲಿಲ್ಲ ಎಂದೆಲ್ಲ ಸಮಾಧಾನ ಹೇಳಿದೆ.

"ಆಕಿಗೆ ಗೊತ್ತಿರಲಿಲ್ಲ, ಖರೆ. ಈಗ ನನಗ ಗೊತ್ತಾತಲ್ಲ. ಮಾಫಿ ಕೇಳಬೇಕಂದ್ರ ಆಕಿ ಎಲ್ಲದಾಳ?"

ಅವ್ವನ ಮಾನ ಹೋಗಿರಲಿಲ್ಲ. ನಾನು ಬಾಯಿ ಮುಚ್ಚಿಕೊಂಡಿದ್ದರೆ ಅವನ ನೆಮ್ಮದಿಯೂ ಹೋಗುತ್ತಿರಲಿಲ್ಲ. ತಿಳಿದದ್ದನ್ನೆಲ್ಲ ಹೇಳಿಯೇ ತೀರಬೇಕೆನ್ನುವ ನನ್ನ ಬುದ್ಧಿಯ ಮೇಲೆ ಈಗಲೂ ಸಿಟ್ಟು ಬರುತ್ತದೆ.

ಮುಂದಿನ ವಾರ ಅಂಗಿ ಹೊಲಿಸುವ ನೆವ ಮಾಡಿಕೊಂಡು ಹೋದೆ. ಬೈಯಲಿ ಎಂದು ಬೇಕೆಂದೇ ಮೆಟ್ಟಿಲ ಬಳಿ ನಿಂತೆ. ಅವನು ಮಷೀನು ನಿಲ್ಲಿಸಿ ಎದ್ದ, ಸ್ಟೂಲಿನ ಮೇಲಿನ ದಾರದ ಎಳೆಗಳನ್ನು ಝಾಡಿಸಿದ.

"ಬರ್ರಿ ಸರ," ಅಂದ. "ಕುಂಡ್ರಿ."