ಎಸ್ತೇರಮ್ಮನ ಸುದ್ದಿ

ಸ್ಯಾಮು, ರೂತಮ್ಮ, ಇವತ್ತು ಬೆಳಗ್ಗೆ ಅವರೆಕಾಯಿ ಬಿಡಿಸುತ್ತಾ ಕೂತಿದ್ದೆ. ಮೊರದ ಪಕ್ಕದಲ್ಲಿದ್ದ ಫೋನು ಟಿಂಗ್ ಅಂದಿತು, ಮತ್ತೆ ಟಿಂಗ್ ಅಂದಿತು. ಕೈ ಒರೆಸಿಕೊಂಡು ನೋಡಿದರೆ ಎಲ್ಲೋ ಪ್ರವಾಹ, ಎಲ್ಲೋ ಯುದ್ಧ, ಯಾರದೋ ರಾಜೀನಾಮೆ. ನಮ್ಮ ಗುರುವಾರದ ಕೂಟ ನೆನಪಾಗಿ ಒಬ್ಬಳೇ ನಕ್ಕೆ.

ನಿಮ್ಮ ತಾತ ಇದ್ದಾಗ ಸುದ್ದಿಗೂ ಒಂದು ಹೊತ್ತಿತ್ತು. ಬೆಳಗ್ಗೆ ರೇಡಿಯೋ ಕೇಳಿ, ಆರಿಸಿ, "ಲೋಕ ದೇವರ ಕೈಲಿದೆ, ಹುಳಕ್ಕೆ ಸೊಪ್ಪು ಮಾತ್ರ ನಾವೇ ಹಾಕ್ಬೇಕು" ಎನ್ನುತ್ತಾ ಹಿಪ್ಪುನೇರಳೆ ತೋಟಕ್ಕೆ ಹೊರಡುತ್ತಿದ್ದರು. ಈಗ ನಾವು ಹೆಂಗಸರು ಸುದ್ದಿಯನ್ನು ಸೊಂಟದಲ್ಲೇ ಸಿಕ್ಕಿಸಿಕೊಂಡು ತಿರುಗುತ್ತೇವೆ.

ಶಿಡ್ಲಘಟ್ಟದ ನಮ್ಮ ಬೀದಿಯ ಕೆಲವು ಹೆಂಗಸರು ಗುರುವಾರ ಮಧ್ಯಾಹ್ನ ನಮ್ಮ ಮನೆಯಲ್ಲಿ ಪ್ರಾರ್ಥನೆಗೆ ಸೇರುತ್ತೇವಲ್ಲ, ಹಾಡಾದ ಮೇಲೆ ಯಾವುದಕ್ಕಾಗಿ ಪ್ರಾರ್ಥಿಸಬೇಕೆಂದು ಒಬ್ಬೊಬ್ಬರೂ ಹೇಳುವುದು ವಾಡಿಕೆ. ಮೊದಲೆಲ್ಲ ಮಗಳ ಬಾಣಂತನ, ಗಂಡನ ಕೆಮ್ಮು, ಇಂಥವೇ. ಆಮೇಲೆ ಕೂಟ ನಡೆಸುವ ಗ್ರೇಸಮ್ಮ ಫೋನು ನೋಡಿ ಓದತೊಡಗಿದಳು. ಒಮ್ಮೆ ಯಾರೋ ಸಿನಿಮಾ ನಟ ತೀರಿಕೊಂಡನೆಂದು ಬಂತು. ಅವನ ಮನೆಯವರಿಗೆ ಸಮಾಧಾನ ಸಿಗಲೆಂದು ಅತ್ತು ಪ್ರಾರ್ಥಿಸಿದೆವು. ಸಂಜೆ ಆತ ಟಿವಿ ಸುದ್ದಿಯಲ್ಲಿ ಆರಾಮಾಗಿ ಕಾಫಿ ಕುಡಿಯುತ್ತಿದ್ದ. "ಅತ್ತಿದ್ದು ಸ್ವಲ್ಪ ಮುಂಚೇನೇ ಆಯ್ತು ಕಣ್ರೇ" ಎಂದಳು ಗ್ರೇಸಮ್ಮ.

ಹೋದ ವರ್ಷದ ಒಂದು ಗುರುವಾರ ಎಸ್ತೇರಮ್ಮ ಮೂಲೆಯಲ್ಲಿ ಕೂತಿದ್ದಳು. ರೇಷ್ಮೆ ನೂಲು ತೆಗೆಯುವ ಕಾರ್ಖಾನೆಯಲ್ಲಿ ಕೆಲಸ, ಹಿಂದೆ ಮುಂದೆ ಯಾರೂ ಇಲ್ಲದವಳು. ಬಾಯಿ ತೆರೆಯುವಳು, ಅಷ್ಟರಲ್ಲಿ ಗ್ರೇಸಮ್ಮನ ಫೋನಿನಿಂದ ಇನ್ನೊಂದು ದೇಶ ಬರುವುದು. ಆಮೆನ್ ಆಯಿತು, ಟೀ ಆಯಿತು. ಕೂಟದಲ್ಲಿ ಎಂದೂ ಗಟ್ಟಿಯಾಗಿ ಮಾತಾಡದ ನಾನು ಬಾಗಿಲಲ್ಲಿ ಅವಳನ್ನು ಮೆಲ್ಲಗೆ ತಡೆದೆ.

"ಏನೋ ಹೇಳ್ಬೇಕು ಅಂತಿದ್ದೆ ಅಲ್ವೇನೇ?"

"ಬಿಡಕ್ಕ. ಅಲ್ಲಿ ಊರೂರೇ ಮುಳುಗ್ತಿವೆ, ನಂದೊಂದು ಕಣ್ಣು ಯಾವ ಲೆಕ್ಕ?"

"ಕಣ್ಣಿಗೇನಾಯ್ತೇ?"

"ಪೊರೆ ಬಂದಿದೆ. ನಾಳೆ ಚಿಕ್ಕಬಳ್ಳಾಪುರದಲ್ಲಿ ಆಪರೇಷನ್. ಜೊತೆಗೆ ಯಾರಾದ್ರೂ ಬಂದ್ರೇನೇ ಮಾಡೋದಂತೆ. ನಾನ್ ಯಾರನ್ನ ಕರೀಲಿ? ಬೇಡ ಅಂದ್ಬಿಡ್ತೀನಿ."

ಬೇಡ ಅಂದರೆ ಕೆಲಸ ಹೋಗುತ್ತಿತ್ತು. ಗೂಡಿನ ಎಳೆ ಕಾಣದವಳನ್ನು ಕಾರ್ಖಾನೆಯಲ್ಲಿ ಎಷ್ಟು ದಿನ ಇಟ್ಟುಕೊಂಡಾರು?

ಬೈಬಲಿನಲ್ಲಿ ಓದಿದ್ದೀರಲ್ಲ, ಅಷ್ಟು ಜನರ ನೂಕುನುಗ್ಗಲಿನಲ್ಲೂ ತನ್ನ ಅಂಗಿಯ ಅಂಚು ಮುಟ್ಟಿದ ಒಬ್ಬ ಹೆಂಗಸಿಗಾಗಿ ಯೇಸುಸ್ವಾಮಿ ನಿಂತು ತಿರುಗಿ ನೋಡಿದರು. ನಾವು ಇಷ್ಟು ಸಣ್ಣ ಕೋಣೆಯಲ್ಲೂ ಎಸ್ತೇರಮ್ಮನ ಕಡೆ ತಿರುಗಿ ನೋಡಿರಲಿಲ್ಲ. ಜ್ಞಾನ ಕೊಡಪ್ಪಾ ಎಂದು ದಿನಾ ಬೇಡುವವಳು ನಾನು. ಕೊಟ್ಟರೆ ಏನೋ ದೊಡ್ಡ ಮಾತಾಗಿ ಬರುತ್ತದೆ ಎಂದುಕೊಂಡಿದ್ದೆ. ಅವತ್ತು ಬಂದದ್ದು ಇಷ್ಟೇ: ನೀನು ಬಸ್ಸು ಹತ್ತು.

"ಎಲ್ರೂ ಇನ್ನೊಂದ್ಸಲ ಕೂತ್ಕೊಳ್ರಮ್ಮ" ಎಂದೆ. ನನ್ನ ದನಿ ನನಗೇ ಹೊಸದು. ಕಣ್ಣಿನ ವಿಷಯ ಹೇಳಿ, ನಾಳೆ ನಾನೇ ಜೊತೆಗೆ ಹೋಗುತ್ತೇನೆ ಎಂದೆ. ಗ್ರೇಸಮ್ಮ ಫೋನನ್ನು ಬೋರಲು ಹಾಕಿ ಎಸ್ತೇರಮ್ಮನ ಕೈ ಹಿಡಿದು ಪ್ರಾರ್ಥಿಸಿದಳು.

ಮಾರನೆಯ ದಿನ ಆಸ್ಪತ್ರೆಯಲ್ಲಿ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಹೊರಗೆ ಬಂದವಳು ಮೊದಲು ಕೇಳಿದ್ದು, "ಅಕ್ಕ, ಟಿವೀಲಿ ಏನ್ ಬರ್ತಿದೆ?"

"ನಿನ್ ಸುದ್ದಿ ಮೊದ್ಲು ಮುಗೀಲಿ, ಸುಮ್ನಿರೇ" ಎಂದೆ.

ಈಗ ಅವಳಿಗೆ ಎಳೆ ಚೆನ್ನಾಗಿ ಕಾಣುತ್ತದೆ. ನಮ್ಮ ಕೂಟ ಎದುರಿಗೆ ಕೂತವರಿಂದ ಶುರುವಾಗಿ ಆಮೇಲೆ ಲೋಕಕ್ಕೆ ಹೋಗುತ್ತದೆ. ಮುಳುಗಿದ ಊರುಗಳನ್ನೂ ಬಿಡುವುದಿಲ್ಲ.

ಮಕ್ಕಳೇ, ಈ ಹಾಳೆಗಳ ಫೋಟೋ ತೆಗೆದು ಎಲ್ಲರಿಗೂ ಕಳಿಸಬೇಡಿ, ನನಗೆ ನಾಚಿಕೆ. ಬಟ್ಟೆಯ ಅಡಿ ಎಲ್ಲಾದರೂ ಜೋಪಾನವಾಗಿಟ್ಟುಕೊಳ್ಳಿ. ಪಕ್ಕದಲ್ಲಿ ಕೂತವರು ಏನೋ ಹೇಳಲು ಹೋಗಿ ಸುಮ್ಮನಾದ ದಿನ ತೆಗೆದು ಓದಿ.