ಗೇಟಿನಿಂದ ಮರಳಿದ ಚುಕ್ಕಿ

ಆರೋಗ್ಯ ಕಚೇರಿಯಲ್ಲಿ ಅವಳನ್ನು ಎಲ್ಲರೂ ಕರೆಯುವುದು ಚುಕ್ಕಿ ಅಕ್ಕ ಎಂದೇ. ಒಪ್ಪಿಗೆ ಕೊಟ್ಟವರ ಫೋನುಗಳು ಎಲ್ಲೆಲ್ಲಿ ಓಡಾಡಿದವು ಎಂಬುದು ಅವಳ ಕಂಪ್ಯೂಟರಿನ ನಕ್ಷೆಯಲ್ಲಿ ಚುಕ್ಕಿಗಳಾಗಿ ಮೂಡುತ್ತದೆ. ಲಸಿಕೆಗೆ ಮುಂಚೆ ಜನ ಎಷ್ಟು ತಿರುಗುತ್ತಿದ್ದರು, ಆಮೇಲೆ ಎಷ್ಟು ತಿರುಗುತ್ತಾರೆ ಎಂದು ನೋಡುವುದು ಅವಳ ಕೆಲಸ. ಹೆಸರುಗಳು ಕಾಣುವುದಿಲ್ಲ. ಚುಕ್ಕಿ ಯಾರದೆಂದು ಅಪ್ಪಿತಪ್ಪಿ ಗೊತ್ತಾದರೂ ಬಾಯಿ ಬಿಡುವುದಿಲ್ಲ ಎಂದು ರುಜು ಬೇರೆ ಹಾಕಿದ್ದಾಳೆ.

ಒಂದು ಚುಕ್ಕಿ ಮಾತ್ರ ಸತತ ಮೂರು ದಿನ ಲಸಿಕೆ ಕೇಂದ್ರದ ಗೇಟಿನ ತನಕ ಹೋಗಿ ಹಾಗೇ ವಾಪಸಾಗಿತ್ತು. ಬೆನ್ನು ಹತ್ತಿ ನೋಡಿದರೆ, ಅದು ಹೊರಟಿದ್ದು ಅಕ್ಕನ ಮನೆಯಿಂದಲೇ! ಆ ಮನೆಯಲ್ಲಿ ಒಪ್ಪಿಗೆ ಕೊಟ್ಟವರು ಅತ್ತೆಯೊಬ್ಬರೇ. "ಸೂಜಿ ಗೀಜಿಗೆಲ್ಲ ಹೆದರೋಳಲ್ಲ ನಾನು, ಮೊದಲನೇ ದಿನವೇ ಹಾಕಿಸ್ಕೊಂಡೆ" ಎಂದು ಬೀದಿಯಲ್ಲೆಲ್ಲ ಜಂಬ ಕೊಚ್ಚಿದ್ದ ಅತ್ತೆ.

ಬೇರೆ ಸೊಸೆಯಾಗಿದ್ದರೆ ಊಟದ ಹೊತ್ತಿಗೇ ಮಾನ ಹರಾಜು ಹಾಕುತ್ತಿದ್ದಳು. ಅಕ್ಕ ಮಾತ್ರ ತನ್ನ ರುಜು ನೆನೆದು ಮರುದಿನ ರಜೆ ಹಾಕಿದಳು.

"ಅತ್ತೇ, ನನ್ನ ಲಸಿಕೆ ಇನ್ನೂ ಬಾಕಿ ಇದೆ. ಸೂಜಿ ಅಂದ್ರೆ ಕೈಕಾಲು ನಡುಗುತ್ತೆ. ಜೊತೆಗೆ ಬರ್ತೀರಾ?"

"ಅಯ್ಯೋ ಪುಕ್ಕಲಿ! ನಡಿ, ನಾನಿದ್ದೀನಿ" ಎಂದು ಅತ್ತೆ ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು. ಸೊಸೆಗೆ ಧೈರ್ಯ ತುಂಬುವ ಭರದಲ್ಲಿ ಗೇಟು ದಾಟಿದ್ದೂ ಅವರೇ, ಕೊಚ್ಚಿದ್ದ ಜಂಬವನ್ನೂ ಮರೆತು ಕಣ್ಣು ಮುಚ್ಚಿಕೊಂಡು ಮೊದಲು ತೋಳು ಚಾಚಿದ್ದೂ ಅವರೇ.

ಮಾರನೆಯ ದಿನ ಕಚೇರಿಯಲ್ಲಿ ಸಾಹೇಬರು ನಕ್ಷೆಯತ್ತ ಬಗ್ಗಿದರು. "ಈ ಚುಕ್ಕಿ ಮೂರು ಸಲ ವಾಪಸ್ ಬಂದು ನಾಲ್ಕನೇ ಸಲ ಒಳಗೆ ಹೋಗಿದೆಯಲ್ಲ, ಕಾರಣ ಏನಂತ ಬರೀತೀರಿ?"

"ಹೆದರಿದವ್ರೇ ಇನ್ಯಾರಿಗೋ ಧೈರ್ಯ ಹೇಳೋಕೆ ಹೋಗಿರ್ಬೇಕು, ಸಾರ್."