ದಪ್ಪ ಕಾಳನ್ನೇ ಬಿತ್ತಿದೆ

ಅಲಸಂದೆ ಫಸಲು ವರ್ಷವರ್ಷಕ್ಕೂ ಯಾಕೆ ಇಳಿಯುತ್ತಿದೆ ಎಂದು ನೋಡಲು ಬಂದ ಕೃಷಿ ಕಾಲೇಜಿನ ಹುಡುಗಿ, ಪೂರಿಗಾಲಿಯ ನಮ್ಮ ಹೊಲದಲ್ಲಿ ಕುಕ್ಕರುಗಾಲಲ್ಲಿ ಕೂತು ಒಂದೊಂದೇ ಗಿಡದ ಕಾಯಿ ಎಣಿಸುತ್ತಿದ್ದಳು.

"ಬ್ಯಾರೆ ಕೆಲ್ಸ ಇಲ್ವೇನವ್ವಾ?" ಎಂದೆ.

"ಬಿತ್ತನೆಗೆ ಯಾವ ಕಾಳು ಎತ್ತಿಡ್ತೀರ ಅಜ್ಜಿ?" ಎಂದು ಕೇಳಿದಳು.

"ದಪ್ಪನೇವ ಕಣವ್ವ. ಸಣ್ಣವು ಸಾರಿಗೆ."

ಹುಡುಗಿ ನಕ್ಕಳು. "ನಿಮ್ಮ ಹೊಲದಲ್ಲಿ ದಪ್ಪ ಕಾಳಿನ ಗಿಡ ಕಾಯಿ ಕಮ್ಮಿ ಬಿಡುತ್ತೆ. ಆ ಗುಣ ಬೀಜದಲ್ಲೇ ಇಳಿದು ಬರುತ್ತೆ. ಜಾಸ್ತಿ ಬಿಡೋದನ್ನೆಲ್ಲ ಸಾರು ಮಾಡ್ಬಿಟ್ಟಿದ್ದೀರ!"

ನಂಬದೆ ನಾನೇ ಎಣಿಸಿದೆ. ದಪ್ಪ ಕಾಳಿನ ಗಿಡದಲ್ಲಿ ಹನ್ನೊಂದು ಕಾಯಿ, ಪಕ್ಕದ ಸಣ್ಣ ಕಾಳಿನದರಲ್ಲಿ ಇಪ್ಪತ್ತಾರು.

ಎರಡರ ಕಾಳನ್ನೂ ಹುಳ ಹಿಡಿಯದಂತೆ ಬೂದಿ ಬೆರೆಸಿ ಬೇರೆ ಬೇರೆ ಮಡಕೆಯಲ್ಲಿ ಇಟ್ಟಿದ್ದೇನೆ. ಮಳೆ ಬಿದ್ದ ಮೇಲೆ ಅಕ್ಕಪಕ್ಕ ಬಿತ್ತಿ ನೋಡಬೇಕು. ಇಷ್ಟು ವರ್ಷ ಮಣ್ಣನ್ನು ಬೈದೆ. ಕಾಳು ಆರಿಸಿದವಳು ನಾನೇ.